ಹೇಳುವ ಬೆಲೆ, ಕೊಡುವ ಬೆಲೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಸಾಲ ಉಪಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರ ಚಳವಳಿಯ ಇತಿಹಾಸ ಹೇಳುವುದು ವಾಡಿಕೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ವಿಷಯವನ್ನು ನನಗಿಂತ ಮೊದಲು ಮಾತಾಡಿದ ಹಿರಿಯರು ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಸದಸ್ಯ ಸಾಲದಾಗ ಮುಳುಗಬಾರದು ಅನ್ನೋದು ಅಂದಿನ ಉದ್ದೇಶ. ಇಂದಿಗೂ ಉದ್ದೇಶ ಅದೇ. ಆದರೆ ಮುಳುಗುವ ಜಾಗ ಬೇರೆ ಆಗಿದೆ. ಅಂದು ಸಾಹುಕಾರನ ಬಡ್ಡಿ, ಇಂದು ಲೆಕ್ಕವಿಲ್ಲದೆ ಕೊಂಡ ಮನೆ. ಆದ್ದರಿಂದ ಇವತ್ತು ಒಂದೇ ವಿಷಯದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ: ಮನಸ್ಸಿಗೆ ಬಂದ ಮನೆಗೆ ಬೆಲೆ ಬಾಳ ಹೇಳಿದರೆ ನಾವು ಏನು ಕೇಳಬೇಕು, ಹೆಂಗ ಕೇಳಬೇಕು?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಅಂತ ಹಿರಿಯರು ಹೇಳಿದರು. “ಮನೆ ಕೊಂಡು ನೋಡು” ಅಂತ ಹೇಳಲಿಲ್ಲ. ಯಾಕಂದರೆ ಹಿಂದಿನ ಕಾಲಕ್ಕೆ ಊರಾಗ ಮನಿ ಮಾರೋದೇ ಅಪರೂಪ. ಮಾರಿದರೂ ಭಾವಕಿಯವರಿಗೆ, ಇಲ್ಲಾ ಬಾಜೂ ಮನೆಯವರಿಗೆ. ಐದು ಮಂದಿ ಹಿರಿಯರು ಕಟ್ಟೀ ಮ್ಯಾಲ ಕುಂತು ಬೆಲೆ ಕಟ್ಟುತ್ತಿದ್ದರು. ಈಗ ಹಾಗಿಲ್ಲ. ರಬಕವಿ, ಬನಹಟ್ಟಿ, ಮಹಾಲಿಂಗಪುರ, ತೇರದಾಳ ಎಲ್ಲಿ ನೋಡಿದರೂ ಮನೆ ಮಾರುವವರೂ ಹೊರಗಿನವರು, ಕೊಳ್ಳುವವರೂ ಹೊರಗಿನವರು, ನಡುವೆ ಏಜೆಂಟರು. ಬೆಲೆ ಕಟ್ಟುವ ಆ ಕಟ್ಟೆ ಹೋಗಿದೆ. ಅದರ ಜಾಗದಲ್ಲಿ ನಮ್ಮ ಕೈಯಲ್ಲಿ ಒಂದು ಕಾಗದ, ಒಂದು ಪೆನ್ನು ಇರಬೇಕು.

ಸಾಲದ ಅರ್ಜಿ ನೋಡುವಾಗ ನಾವು ಸದಸ್ಯರನ್ನು ಕೇಳುತ್ತೇವೆ, “ಈ ಬೆಲೆ ಹೆಂಗ ಬಂತು?” ಅಂತ. ಸಾಮಾನ್ಯವಾಗಿ ಬರುವ ಉತ್ತರ ಒಂದೇ. “ಅವರು ಅಷ್ಟು ಹೇಳಿದ್ರರಿ, ನಾವು ಒಂದು ಲಕ್ಷ ಬಿಡಿಸಿದ್ವಿ.” ಮುಖದ ಮೇಲೆ ಗೆದ್ದ ಸಂತೋಷ. ಆದರೆ ಅವರು ಹೇಳಿದ ಅಂಕಿಯೇ ಐದು ಲಕ್ಷ ಹೆಚ್ಚಿದ್ದರೆ ಒಂದು ಲಕ್ಷ ಬಿಡಿಸಿದ್ದು ಯಾವ ಗೆಲುವು? ಇಲ್ಲಿಯೇ ಮೂಲ ತಪ್ಪು ಇದೆ. ಅವರು ಹೇಳಿದ ಅಂಕಿಯಿಂದ ಕೆಳಗೆ ಇಳಿಯುತ್ತ ಬರಬಾರದು. ನಮ್ಮ ಲೆಕ್ಕದಿಂದ ಮೇಲಕ್ಕೆ ಏರುತ್ತ ಹೋಗಬೇಕು. ನಾನು ಇವತ್ತು ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ ಅಷ್ಟೇ.

ನಮ್ಮ ಮಂದಿಗೆ ವ್ಯಾಪಾರ ಬರೋದಿಲ್ಲ ಅಂತ ಅಲ್ಲ. ದನದ ಜಾತ್ರೆಗೆ ಹೋದರೆ ಎತ್ತಿನ ಹಲ್ಲು ಹಿಡಿದು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ, ಸುಳಿ ನೋಡುತ್ತೇವೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕೇಳುತ್ತೇವೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಕೊಳ್ಳುವವನು ಪೆಂಟಿ ಮುರಿದು ಬಣ್ಣ ನೋಡದೆ ಸವಾಲು ಕೂಗುವುದಿಲ್ಲ. ಸೀರೆ ಕೊಳ್ಳುವ ವ್ಯಾಪಾರಿ ಸೆರಗು, ದಡಿ ಕೈಯಿಂದ ಮುಟ್ಟಿ ನೋಡದೆ ನೇಕಾರನಿಗೆ ಬೆಲೆ ಹೇಳುವುದಿಲ್ಲ. ಆದರೆ ಜೀವಮಾನದ ಗಳಿಕೆ ಸುರಿಯುವ ಮನೆಗೆ ಮಾತ್ರ ಹೊಸ ಬಣ್ಣ, ಹೊಸ ಟೈಲ್ಸು ನೋಡಿ “ಆಯ್ತು” ಅಂದುಬಿಡುತ್ತೇವೆ.

ಮೊದಲಿಗೆ, ಮಾರುವವರು ಯಾಕೆ ಹೆಚ್ಚು ಹೇಳುತ್ತಾರೆ ಎಂದು ತಿಳಿಯಬೇಕು. ಅವರನ್ನು ಕಳ್ಳರು ಅನ್ನುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕೆಲವರು ಚೌಕಾಸಿಗೆಂದೇ ಜಾಗ ಇಟ್ಟು ಹೇಳುತ್ತಾರೆ. ಕೆಲವರಿಗೆ ಇಂತಿಷ್ಟು ಸಾಲ ತೀರಬೇಕಾಗಿರುತ್ತದೆ, ಆ ಸಾಲದ ಮೊತ್ತವೇ ಮನೆಯ ಬೆಲೆ ಆಗಿಬಿಡುತ್ತದೆ. ಕೆಲವರಿಗೆ ಅದು ಅಜ್ಜ ಕಟ್ಟಿಸಿದ ಮನೆ, ಸಾಗವಾನಿ ಬಾಗಿಲಿನ ಮೇಲೆ ಜೀವ. ಆ ಪ್ರೀತಿಗೆ ಅವರು ಬೆಲೆ ಕಟ್ಟುತ್ತಾರೆ, ನಾವು ಕಟ್ಟಲಾಗುವುದಿಲ್ಲ.

ಇನ್ನು ಕೆಲವರು ಮುಂದೆ ಬರುವುದರ ಬೆಲೆಯನ್ನು ಇಂದೇ ಕೇಳುತ್ತಾರೆ. “ತಾಲೂಕ ಆಗೇತಿ, ಬಾಗಲಕೋಟೆ-ಕುಡಚಿ ರೈಲು ಬರತೈತಿ” ಅಂತ. ರೈಲು ಬರಲಿ, ನಮಗೂ ಸಂತೋಷ. ಆದರೆ ಹಳಿ ಬಂದ ಮೇಲಿನ ಬೆಲೆಯನ್ನು ಹಳಿ ಬರುವ ಮೊದಲೇ ಕೊಟ್ಟರೆ, ಕಾಯುವ ವರ್ಷಗಳ ಬಡ್ಡಿ ಕೊಳ್ಳುವವನ ತಲೆಯ ಮೇಲೆ.

ಈಗ ಮುಳುಗಡೆ ಪರಿಹಾರದ ಮಾತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವುದಕ್ಕಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. “ಹೊಲಕ್ಕ ನಲವತ್ತು ಲಕ್ಷ ಇದ್ರ ಊರಾಗಿನ ಮನಿಗೆ ಎಷ್ಟಿರಬೇಕ್ರಿ?” ಅಂತ ಯಾರಾದರೂ ಕೇಳಿದರೆ ಲೆಕ್ಕ ಮಾಡಿ ನೋಡಿರಿ. ಒಂದು ಎಕರೆ ಅಂದರೆ 43,560 ಚದರ ಅಡಿ. 40 ಲಕ್ಷವನ್ನು ಅದರಿಂದ ಭಾಗಿಸಿದರೆ ಚದರ ಅಡಿಗೆ ಸುಮಾರು 92 ರೂಪಾಯಿ. ಹೊಲದ ದರ ಬೇರೆ, ಓಣಿಯ ದರ ಬೇರೆ. ಒಂದರಿಂದ ಇನ್ನೊಂದನ್ನು ಅಳೆಯಲು ಬರುವುದಿಲ್ಲ. ದೊಡ್ಡ ಅಂಕಿ ಕೇಳಿ ಹೆದರಬಾರದು, ಬಿಡಿಸಿ ನೋಡಬೇಕು.

ಹಾಗಾದರೆ ನಮ್ಮ ಲೆಕ್ಕ ಹೇಗೆ? ಐದು ಮಾತು ನೆನಪಿಡಿರಿ: ಜಾಗ, ಕಟ್ಟಡ, ದುರಸ್ತಿ, ಕಾಗದ, ಕಿಸೆ.

ಮೊದಲನೆಯದು ಜಾಗ. ಮನೆ ಹಳೆಯದಾಗುತ್ತದೆ, ಜಾಗ ಹಳೆಯದಾಗುವುದಿಲ್ಲ. ಆದ್ದರಿಂದ ಬೆಲೆಯ ಬುನಾದಿ ಜಾಗ. ಉತಾರದಲ್ಲಿ ಎಷ್ಟು ಇದೆ, ನೆಲದ ಮೇಲೆ ಎಷ್ಟು ಇದೆ ಎಂದು ಟೇಪು ಹಿಡಿದು ಅಳೆಯಿರಿ. ಮೂವತ್ತು-ನಲವತ್ತು ಅಂತ ಹೇಳಿದ ಜಾಗ ಇಪ್ಪತ್ತೆಂಟು-ಮೂವತ್ತೊಂಬತ್ತು ಇದ್ದರೆ 108 ಚದರ ಅಡಿ ಅಲ್ಲಿಯೇ ಹೋಯಿತು. ಓಣಿ ಎಷ್ಟು ಅಗಲ, ಗಾಡಿ ಬರತೈತೇನು, ಗಟಾರ ಎತ್ತ ಹರಿಯುತ್ತದೆ, ಇವೆಲ್ಲ ಜಾಗದ ಬೆಲೆಯೇ.

ಆಮೇಲೆ ಆ ಓಣಿಯಲ್ಲಿ ಇತ್ತೀಚೆಗೆ ಖರೇದಿ ಆದ ಮೂರು ಆಸ್ತಿಗಳ ಬೆಲೆ ಹುಡುಕಿರಿ. ಹೇಳಿದ ಬೆಲೆ ಬೇಡ, ಕೊಟ್ಟ ಬೆಲೆ ಬೇಕು. ಇವೆರಡರ ನಡುವೆ ಬಾಳ ಅಂತರ. ಆಸ್ತಿಯ ಋಣಭಾರ ಪತ್ರ, ಅಂದರೆ ನಾವು ಇ.ಸಿ. ಅನ್ನುತ್ತೇವಲ್ಲ, ಅದನ್ನು ತೆಗೆಸಿದರೆ ಹಿಂದೆ ನೋಂದಣಿಯಾದ ವ್ಯವಹಾರಗಳೂ ಅವುಗಳ ಮೊತ್ತವೂ ಕಾಣುತ್ತವೆ. ಈಗ ಸರಕಾರದ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲಿ ಕುಳಿತೇ ಇದಕ್ಕೆ ಅರ್ಜಿ ಹಾಕಬಹುದು. ಕಾಗದದ ಮೇಲೆ ಕಡಿಮೆ ಬರೆಸುವ ಚಾಳಿ ಇರುವುದರಿಂದ ಅದೊಂದನ್ನೇ ನಂಬದೆ ಕೊಂಡವರನ್ನೂ ಕೇಳಿರಿ. ಸರಕಾರದ ಮಾರ್ಗಸೂಚಿ ಬೆಲೆಯನ್ನೂ ನೋಡಿರಿ. ಆದರೆ ಅದು ಶುಲ್ಕ ವಸೂಲಿಗಾಗಿ ಇಟ್ಟ ದರ, ಪೇಟೆಯ ದರವಲ್ಲ. ಎಷ್ಟೋ ಕಡೆ ಎರಡಕ್ಕೂ ಹೊಂದಾಣಿಕೆ ಇರುವುದಿಲ್ಲ.

ಎರಡನೆಯದು ಕಟ್ಟಡ. ನಮ್ಮ ಭಾಗದ ಮನೆಗಳು ನಾನಾ ತರಹ. ಕಲ್ಲು-ಮಣ್ಣಿನ ಗೋಡೆ, ಮೇಲ್ಮುದ್ದಿಯ ಹಳೆಯ ಮನೆ ಇದೆ. ಪತ್ರಾಸ ಹೊದಿಸಿದ್ದು ಇದೆ. ಸ್ಲ್ಯಾಬ್ ಹಾಕಿದ್ದು ಇದೆ. ಹಳೆಯ ಮನೆಯನ್ನು ಕೆಡವುವ ಉದ್ದೇಶದಿಂದ ಕೊಳ್ಳುತ್ತಿದ್ದರೆ ಜಾಗದ ಬೆಲೆ, ಜೊತೆಗೆ ತೊಲೆ, ಕಂಬ, ಬಾಗಿಲುಗಳ ಕಟ್ಟಿಗೆಯ ಬೆಲೆ, ಇಷ್ಟೇ ಲೆಕ್ಕ. ಅದರೊಳಗಿಂದ ಕೆಡವುವ ಖರ್ಚು ಕಳೆಯಬೇಕು. ಸ್ಲ್ಯಾಬಿನ ಮನೆ ಆದರೆ ಇಂದು ಹೊಸದಾಗಿ ಕಟ್ಟಲು ಎಷ್ಟು ಬೀಳುತ್ತದೆ ಎಂದು ಕೇಳಿ, ಮನೆಯ ವಯಸ್ಸಿನಷ್ಟು ಅದರಲ್ಲಿ ಕಡಿಮೆ ಮಾಡಬೇಕು. ಇಪ್ಪತ್ತು ವರ್ಷ ಮಳೆ ಬಿಸಿಲು ಉಂಡ ಮನೆಗೆ ಹೊಸ ಮನೆಯ ಬೆಲೆ ಇಲ್ಲ.

ನಮ್ಮ ರಬಕವಿ-ಬನಹಟ್ಟಿಯಲ್ಲಿ ಇನ್ನೊಂದು ವಿಶೇಷ ಮಗ್ಗದ ಮನೆ. ಮುಂದೆ ಪಡಸಾಲಿ, ಬಾಜೂ ಮಗ್ಗ. ನೇಕಾರನಿಗೆ ಆ ಮಗ್ಗದ ಜಾಗ ಅನ್ನದ ಜಾಗ, ಅದಕ್ಕೆ ಆತ ಬೆಲೆ ಕೊಡಬೇಕು. ಆದರೆ ಮಾಸ್ತರಿಕೆ ಮಾಡುವವರು ಅದೇ ಮನೆ ಕೊಂಡರೆ ಆ ಜಾಗ ಅವರಿಗೆ ಅಡಕಲು ಕೋಣೆ. ಕುಣಿ ಮಗ್ಗ ಇದ್ದರೆ ಕುಣಿ ಮುಚ್ಚಿಸುವ ಖರ್ಚು ಬೇರೆ. ಮಾರುವವರು ಮಗ್ಗದ ಮನೆಗೆಂದು ಬೆಲೆ ಹೇಳಿದರೆ “ನಮಗ ಅದು ಉಪಯೋಗ ಇಲ್ಲರಿ” ಅಂತ ಹೇಳುವುದರಲ್ಲಿ ತಪ್ಪಿಲ್ಲ. ಒಂದೇ ಮನೆ ಇಬ್ಬರಿಗೆ ಎರಡು ಬೆಲೆ ಬಾಳುತ್ತದೆ.

ಮೂರನೆಯದು ದುರಸ್ತಿ. ಮನೆ ನೋಡಲು ಹೋಗುವಾಗ ಒಬ್ಬ ಅನುಭವಿ ಗೌಂಡಿಯನ್ನು ಕರೆದುಕೊಂಡು ಹೋಗಿರಿ. ಅವರ ಅರ್ಧ ದಿನದ ಪಗಾರ ಕೊಟ್ಟರೆ ಲಕ್ಷ ಉಳಿಯಬಹುದು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಸರಿ ಇಲ್ಲದಿದ್ದರೆ ಗೋಡೆ ಸೀಳುತ್ತದೆ. ಪಾವರ್‌ಲೂಮ್ ವರ್ಷಗಟ್ಟಲೆ ಓಡಿದ ಮನೆಯಲ್ಲಿ ಅದರ ನಡುಕ ಗೋಡೆಗೆ ಹೊಡೆದಿರುತ್ತದೆ. ಸ್ಲ್ಯಾಬಿನ ಕೆಳಗೆ ಸಿಮೆಂಟು ಉದುರಿ ರಾಡು ಕೆಂಪಾಗಿ ಕಾಣುತ್ತಿದ್ದರೆ ಅದು ಬಣ್ಣದಿಂದ ಹೋಗುವ ರೋಗವಲ್ಲ. ಚೌಕಟ್ಟಿಗೆ ಗೆದ್ದಲು ಹತ್ತಿದೆಯೇ ಎಂದು ಬಡಿದು ನೋಡಿರಿ. ಆಗುವುದಾದರೆ ಒಂದು ಸಲ ಮಳೆಗಾಲದಲ್ಲಿ ನೋಡಿರಿ. ನದಿ ದಂಡೆಯ ಊರುಗಳಲ್ಲಿ 2005ರ ಮತ್ತು 2019ರ ಆಗಸ್ಟಿನ ಪ್ರವಾಹದಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಬಾಜೂ ಮನೆಯ ಅಜ್ಜಿಯನ್ನು ಕೇಳಿರಿ. ಮಾರುವವರು ಮರೆತಿರಬಹುದು, ಅಜ್ಜಿ ಮರೆತಿರುವುದಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಮನೆ ನೋಡಲು ಗಂಡಸರು ನಾಲ್ಕು ಮಂದಿ ಹೋಗಿ ಬಂದು ಮನೆಯಲ್ಲಿ ಸುದ್ದಿ ಹೇಳುವುದು ರೂಢಿ. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು, ಅಡಿಗೆ ಮನೆಯ ಹೊಗೆ ಎತ್ತ ಹೋಗುತ್ತದೆ, ಹಿತ್ತಲದಲ್ಲಿ ಬಟ್ಟೆ ಒಗೆಯಲು ಜಾಗ ಇದೆಯೇ, ಇವನ್ನು ಕೇಳುವವರು ನೀವು. ನೀವು ನೋಡದ ಮನೆಗೆ ಸಂಚಕಾರ ಕೊಡಗೊಡಬೇಡಿರಿ.

ನಾಲ್ಕನೆಯದು ಕಾಗದ. ನಗರಸಭೆ ಹದ್ದಿಯಲ್ಲಿದ್ದರೆ ಇ-ಆಸ್ತಿಯ ನಮೂನೆ 3, ಗ್ರಾಮ ಪಂಚಾಯತಿ ಹದ್ದಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಸಿಟಿ ಸರ್ವೇ ಆದ ಕಡೆ ಅದರ ಉತಾರ, ಇ.ಸಿ., ಮನೆಪಟ್ಟಿ ಪಾವತಿ, ಹೆಸ್ಕಾಂ ಬಿಲ್ಲು, ಇವೆಲ್ಲ ಕೈಯಲ್ಲಿ ಹಿಡಿದು ನೋಡಬೇಕು. ಉತಾರದ ಮೇಲೆ ಬ್ಯಾಂಕಿನದೋ ಸಂಘದ್ದೋ ಬೋಜಾ ಇದ್ದರೆ ಆ ಬಾಕಿಯನ್ನು ನೇರವಾಗಿ ಅಲ್ಲಿಗೇ ತುಂಬುವ ಕರಾರು ಆಗಬೇಕು.

ಪಿತ್ರಾರ್ಜಿತ ಮನೆ ಆಗಿದ್ದರೆ ವಾರಸುದಾರರ ಪ್ರಶ್ನೆ ದೊಡ್ಡದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. ತಿದ್ದುಪಡಿಗೆ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿದೆ. ಆದ್ದರಿಂದ “ಅಕ್ಕ ತಂಗೇರು ಏನೂ ಅನ್ನೂದಿಲ್ಲರಿ, ನಾ ಅದೀನಿ” ಎಂಬ ಮಾತಿನ ಮೇಲೆ ಹಣ ಕೊಡಬಾರದು. ಆ ಅಕ್ಕ ತಂಗಿಯರೂ ಬಂದು ಸಹಿ ಮಾಡಬೇಕು. ಅದು ಅವರಿಗೂ ನ್ಯಾಯ, ನಮಗೂ ಕ್ಷೇಮ.

ಒಂದು ಎಚ್ಚರಿಕೆ. “ಕಾಗದ ಸರಿ ಇಲ್ಲ, ಅದಕ್ಕ ಎರಡು ಲಕ್ಷ ಕಡಿಮಿ ಮಾಡಿಸಿದ್ವಿ” ಅಂತ ಕೆಲವರು ಹೇಳುತ್ತಾರೆ. ಸೋರುವ ಮಾಳಿಗೆಯನ್ನು ಎರಡು ಲಕ್ಷದಲ್ಲಿ ರಿಪೇರಿ ಮಾಡಿಸಬಹುದು. ಹಕ್ಕಿನ ತಕರಾರನ್ನು ಮಾಡಿಸಲು ಬರುವುದಿಲ್ಲ. ಕೋರ್ಟಿಗೆ ಹತ್ತಿದರೆ ಮಕ್ಕಳ ಕಾಲಕ್ಕೂ ಮುಗಿಯದೆ ಇರಬಹುದು. ಕಟ್ಟಡದ ದೋಷಕ್ಕೆ ಬೆಲೆ ಇಳಿಸಿರಿ. ಕಾಗದದ ದೋಷ ಇದ್ದರೆ ಅದು ಸರಿಯಾಗುವ ತನಕ ಕೊಳ್ಳಲೇಬೇಡಿರಿ.

ಐದನೆಯದು ಕಿಸೆ. ಮನೆಯ ಬೆಲೆ ಒಂದು, ನಮ್ಮ ಕಿಸೆಯಿಂದ ಹೋಗುವುದು ಇನ್ನೊಂದು. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಸೆಸ್ಸು, ಸರಚಾರ್ಜು ಸೇರಿ ನಗರ ಹದ್ದಿಯಲ್ಲಿ 5.6. ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ಇದನ್ನು ಪತ್ರದ ಬೆಲೆ ಮತ್ತು ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಕೊನೆಯ ಗಳಿಗೆಯಲ್ಲಿ ಕೈಗಡಕ್ಕೆ ಓಡಾಡುವವರು ಬಾಳ ಮಂದಿ.

ಈಗ ಐದನ್ನೂ ಕೂಡಿಸಿ ಒಂದು ಉದಾಹರಣೆ ಮಾಡೋಣ. ಇದು ತಿಳುವಳಿಕೆಗಾಗಿ ಹಾಕಿದ ಲೆಕ್ಕ, ಯಾರ ಮನೆಯದೂ ಅಲ್ಲ. ದರಗಳನ್ನು ನಿಮ್ಮ ಓಣಿಯಲ್ಲಿ ಕೇಳಿ ಹಾಕಿಕೊಳ್ಳಬೇಕು.

ಮಾರುವವರು ಹೇಳಿದ ಬೆಲೆ 32 ಲಕ್ಷ ಅಂತ ತಿಳಿಯಿರಿ. ಜಾಗ 1,200 ಚದರ ಅಡಿ. ಆ ಓಣಿಯ ಮೂರು ಖರೇದಿಗಳ ಸರಾಸರಿ ಚದರ ಅಡಿಗೆ 1,100 ರೂಪಾಯಿ ಅಂದರೆ ಜಾಗಕ್ಕೆ 13,20,000. ಕಟ್ಟಡ 700 ಚದರ ಅಡಿ, ಹೊಸದಾಗಿ ಕಟ್ಟಲು 1,800ರಂತೆ 12,60,000. ಮನೆಗೆ ಇಪ್ಪತ್ತು ವರ್ಷ ಆಗಿದೆ, ಅರವತ್ತು ವರ್ಷ ಬಾಳಿಕೆ ಅಂತ ಹಿಡಿದರೆ ಮೂರರಲ್ಲಿ ಒಂದು ಪಾಲು ಕಳೆದು ಉಳಿದದ್ದು 8,40,000. ಎರಡೂ ಸೇರಿ 21,60,000. ಮಾಳಿಗೆ ಸೋರುವುದು, ವಾಯರಿಂಗು, ಪಾಯಖಾನೆ ಇವುಗಳ ದುರಸ್ತಿಗೆ ಗೌಂಡಿ ಹೇಳಿದ ಖರ್ಚು 1,60,000. ಅದನ್ನು ಕಳೆದರೆ 20,00,000. ನೋಂದಣಿ ಖರ್ಚು 1,52,000 ಕೂಡಿಸಿದರೆ ನಮ್ಮ ಕಿಸೆಯಿಂದ ಹೋಗುವುದು 21,52,000.

ಅಂದರೆ ಈ ಮನೆಗೆ ನ್ಯಾಯವಾದ ಬೆಲೆ ನಮ್ಮ ಲೆಕ್ಕದಲ್ಲಿ 20 ಲಕ್ಷದ ಆಸುಪಾಸು. ಮೊದಲು 19 ಕೇಳಬಹುದು. ಶಾಲೆ ಹತ್ತಿರ ಇದೆ, ಅಣ್ಣತಮ್ಮಂದಿರ ಮನೆ ಬಾಜೂ ಇದೆ ಎಂಬ ಕಾರಣವಿದ್ದರೆ 21ರ ತನಕ ಏರಬಹುದು. ಈ 21 ಎಂಬ ಅಂಕಿಯನ್ನು ಮಾತುಕತೆಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು, ಮನೆಯವರೆಲ್ಲರ ಎದುರು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮಾತಿನ ಭರದಲ್ಲಿ ಗಂಡಸರ ಮಾನ ಏರುತ್ತದೆ, ಮಾನದ ಜೊತೆ ಬೆಲೆ ಏರುತ್ತದೆ. ಬರೆದಿಟ್ಟ ಅಂಕಿ ಮಾತ್ರ ಏರುವುದಿಲ್ಲ.

ಲೆಕ್ಕ ಮಾಡದೆ 32 ಲಕ್ಷವನ್ನೇ ಕೊಟ್ಟರೆ ಏನಾಗುತ್ತದೆ? ನ್ಯಾಯದ ಬೆಲೆಗಿಂತ 12 ಲಕ್ಷ ಹೆಚ್ಚು. ಆ 12 ಲಕ್ಷವನ್ನು ಶೇಕಡಾ 12ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸಾಲ ತೆಗೆದರೆ ತಿಂಗಳ ಕಂತು 17,217 ರೂಪಾಯಿ. 120 ಕಂತು ಕಟ್ಟಿ ಮುಗಿಸುವ ಹೊತ್ತಿಗೆ 20 ಲಕ್ಷ 66 ಸಾವಿರ. ಇದು ಹೆಚ್ಚಾಗಿ ಕೊಟ್ಟದ್ದರ ಲೆಕ್ಕ ಮಾತ್ರ, ಮನೆಯ ಬೆಲೆ ಬೇರೆ! ಅಂದರೆ ಒಂದು ಮನಿ ತಗೊಂಡು ಎರಡು ಮನಿ ರೊಕ್ಕ ಕೊಟ್ಟಂಗ ಆತು. ಆ ಎರಡನೆಯ ಮನೆ ಎಲ್ಲಿಯೂ ಕಾಣುವುದಿಲ್ಲ. ಅದು ಮಗಳ ಕಾಲೇಜಿನ ಫೀಯಲ್ಲಿ, ಹೊಲದ ಬೋರಿನಲ್ಲಿ, ಮಗ್ಗದ ನೂಲಿನಲ್ಲಿ ಕರಗಿ ಹೋಗಿರುತ್ತದೆ. ಸಂಘದ ವಸೂಲಿ ಗುಮಾಸ್ತರು ಬಾಗಿಲಿಗೆ ಬಂದಾಗ ಮಾತ್ರ ಅದು ನೆನಪಿಗೆ ಬರುತ್ತದೆ.

ಬಂಧುಗಳೆ, ಲೆಕ್ಕ ಆಯಿತು. ಈಗ ಮಾತು. ಕಡಿಮೆ ಬೆಲೆ ಕೇಳುವುದು ಎದುರಿನವರಿಗೆ ಅವಮಾನ ಆಗಬಾರದು. ಪಟ್ಟಣದಲ್ಲಿ ಮಾರಿದವರು, ಕೊಂಡವರು ಮತ್ತೆ ಮುಖ ನೋಡುವುದಿಲ್ಲ. ನಾವು ನಾಳೆ ಅದೇ ಗುಡಿಯಲ್ಲಿ, ಅದೇ ಸಂಘದ ಸಭೆಯಲ್ಲಿ, ಅದೇ ಮದುವೆ ಪಂಕ್ತಿಯಲ್ಲಿ ಕೂಡಬೇಕು. ಮನೆಯ ದೋಷ ಎತ್ತಿ ಆಡಿ, “ಇದಕ್ಕ ಯಾರ ಇಷ್ಟು ಕೊಡ್ತಾರ?” ಅಂತ ನಗಬಾರದು. ಅರ್ಧಕ್ಕೆ ಕೇಳಿ ಪರೀಕ್ಷೆ ಮಾಡುವುದೂ ಬೇಡ. ಹಾಗೆ ಕೇಳಿದರೆ ಅವರು ಬಾಗಿಲು ಮುಚ್ಚುತ್ತಾರೆ, ಆಮೇಲೆ ಸರಿಯಾದ ಬೆಲೆ ಹೇಳಿದರೂ ಕಿವಿಗೆ ಬೀಳುವುದಿಲ್ಲ. ಅಂಕಿಯ ಜೊತೆ ಕಾರಣ ಕೊಡಬೇಕು. ಹೀಗೆ ಹೇಳಬಹುದು:

“ಕಾಕಾರ, ಮನಿ ನಮಗ ಮನಸಿಗೆ ಬಂದೈತಿ, ಅದಕ್ಕ ಮತ್ತ ಬಂದೀವಿ. ನೀವು ಹೇಳಿದ್ದು ನಮಗ ನಿಲುಕೂದಿಲ್ಲರಿ. ಈ ಓಣ್ಯಾಗ ಆದ ಖರೇದಿ ಕೇಳಿ ಜಾಗಕ್ಕ ಇಷ್ಟು ಹಿಡಿದೀವಿ, ಕಟ್ಟಡಕ್ಕ ಇಷ್ಟು, ಮಾಳಗಿ ದುರಸ್ತಿಗೆ ಇಷ್ಟು ಕಳದೀವಿ. ಹತ್ತೊಂಬತ್ತು ಲಕ್ಷಕ್ಕ ನಾವು ತಯಾರ ಅದೀವಿ. ನಮ್ಮ ಲೆಕ್ಕದಾಗ ಏನರ ಬಿಟ್ಟಿದ್ರ ನೀವು ಹೇಳ್ರಿ, ತಿದ್ದಿಕೋತೀವಿ.”

ಈ ಕೊನೆಯ ಮಾತು ಬಹಳ ಮುಖ್ಯ. ಅವರು ಹೊಸ ಪೈಪು ಹಾಕಿಸಿದ್ದು, ಬೋರು ಕೊರೆಸಿದ್ದು ನಮಗೆ ಗೊತ್ತಿಲ್ಲದೆ ಇರಬಹುದು. ತೋರಿಸಿದರೆ ಅದಕ್ಕೆ ತಕ್ಕಷ್ಟು ಏರಬೇಕು. ಆದರೆ ಅವರು ಕಾರಣ ಕೊಡದೆ “ಇನ್ನೊಬ್ಬರು ಮೂವತ್ತಕ್ಕ ಕೇಳ್ಯಾರ” ಅಂದರೆ “ಬಾಳ ಚೊಲೋ ಆತರಿ, ಅವರಿಗೇ ಕೊಡ್ರಿ. ಅದು ಮುರಿದರ ನಮಗ ಒಂದು ಮಾತು ತಿಳಸ್ರಿ” ಎಂದು ಚಹಾ ಕುಡಿದು, ಕೈಮುಗಿದು ಎದ್ದು ಬರಬೇಕು. ಎಷ್ಟೋ ವ್ಯವಹಾರ ಹೀಗೆ ಎದ್ದು ಬಂದ ಮೇಲೆ, ತಿಂಗಳೆರಡು ತಿಂಗಳಿಗೆ ಕುದುರುತ್ತವೆ. ಕುದುರದಿದ್ದರೆ ಆ ಮನೆ ನಮ್ಮ ಕಿಸೆಗೆ ಹೇಳಿದ್ದಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದ ವಾರದಲ್ಲೇ ಮನೆ ಕೊಳ್ಳಬೇಕೆಂಬ ಅವಸರ ಬೇಡ. ದುಡ್ಡು ಬಂದದ್ದು ಮಾರುವವರಿಗೂ ಗೊತ್ತಿರುತ್ತದೆ.

ಮಾತು ಕೂಡಿದ ಮೇಲೆ ಬರವಣಿಗೆ ಆಗಬೇಕು. ಬೆಲೆ, ಸಂಚಕಾರ, ಖರೇದಿಯ ಗಡುವು, ಬೋಜಾ ತೀರಿಸುವವರು ಯಾರು, ವಾರಸುದಾರರೆಲ್ಲ ಸಹಿ ಮಾಡಬೇಕು, ಸಾಲ ಮಂಜೂರಾಗದಿದ್ದರೆ ಸಂಚಕಾರ ಮರಳಬೇಕು, ಇವಿಷ್ಟು ಇರಲಿ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾನೂನು ಹೇಳುತ್ತದೆ. ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಪೂರಾ ಹಣ ಕೊಟ್ಟು ಕೀಲಿಕೈ ತೆಗೆದುಕೊಂಡ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ.

ಇನ್ನೊಂದು ಕೆಟ್ಟ ಚಾಳಿಯ ಬಗ್ಗೆ ಹೇಳಲೇಬೇಕು. “ಕಾಗದದಾಗ ಹನ್ನೆರಡು ತೋರಸೋಣ, ಉಳಿದದ್ದು ಕೈಯಾಗ ಕೊಡ್ರಿ, ಬೆಲಿ ಒಂದೀಟು ಇಳಸ್ತೀನಿ” ಎಂಬ ಮಾತಿಗೆ ಬಲಿಯಾಗಬೇಡಿರಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟ ನಮ್ಮ ಗತಿಯೇನು? ವ್ಯವಹಾರ ಮುರಿದರೆ ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ. ಸಂಘದ ಸಾಲ ಕಾಗದದ ಬೆಲೆ ನೋಡಿ ಕೊಡುವುದು, ಉಳಿದದ್ದಕ್ಕೆ ಮತ್ತೆ ಖಾಸಗಿ ಬಡ್ಡಿಯೇ ಗತಿ. ಕಣಗಿನಹಾಳದವರು 1905ರಲ್ಲಿ ಮುಚ್ಚಲು ಹೊರಟ ಬಾಗಿಲನ್ನು ನಾವೇ ತೆರೆದಂತೆ ಆಗುತ್ತದೆ. ಬೆಲೆ ಎಷ್ಟಾದರೂ ಆಗಲಿ, ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಹೋಗಲಿ.

ಕೊನೆಯದಾಗಿ, ಇಲ್ಲಿ ಕುಳಿತವರಲ್ಲಿ ಮಾರುವವರೂ ಇದ್ದೀರಿ. ನಾಳೆ ನಿಮ್ಮ ಮನೆ ಕೇಳಲು ಬಂದವರು ಕಾಗದ ಬಿಚ್ಚಿ ಲೆಕ್ಕ ತೋರಿಸಿದರೆ ಸಿಟ್ಟಾಗಬೇಡಿರಿ, ಅವರು ಖರೇ ಕೊಳ್ಳುವವರು. ಹಾಗೆಯೇ ಕೊಳ್ಳುವವರಿಗೂ ಒಂದು ಧರ್ಮ ಇದೆ. ದವಾಖಾನೆ ಖರ್ಚಿಗೆ, ಮಗಳ ಮದುವೆಗೆ ಅಡಚಣಿಯಲ್ಲಿ ಮನೆ ಮಾರುವವರು ಇರುತ್ತಾರೆ. ಅವರು ನ್ಯಾಯದ ಬೆಲೆಗಿಂತ ಕಡಿಮೆಗೂ ಒಪ್ಪಬಹುದು. ಆಗ ನಮ್ಮ ಕಾಗದದ ಲೆಕ್ಕ ಇಪ್ಪತ್ತು ಅಂದಿದ್ದರೆ ಹದಿನಾಲ್ಕಕ್ಕೆ ಎಳೆಯಬಾರದು. ಹೆಚ್ಚು ಹೇಳಿದಾಗ ನಮ್ಮನ್ನು ಕಾಯ್ದ ಲೆಕ್ಕವೇ, ಎದುರಿನವರು ಸೋತಾಗ ಅವರನ್ನೂ ಕಾಯಬೇಕು. ಅದಕ್ಕೇ ಅದನ್ನು ಸರಿಯಾದ ಬೆಲೆ ಅನ್ನುವುದು. ಸಹಕಾರ ಅಂದರೂ ಅದೇ ಅಲ್ಲವೆ?

ಈ ವೇದಿಕೆಯ ಮುಂದೆ ಆಡಳಿತ ಮಂಡಳಿಗೆ ಒಂದು ಸೂಚನೆ ಇಡುತ್ತೇನೆ. ಇಪ್ಪತ್ತಾರನೆಯ ವರ್ಷದಲ್ಲಿ ಸಂಘದ ಕಚೇರಿಯಲ್ಲಿ ಒಂದು “ಬೆಲೆ ವಹಿ” ಇಡೋಣ. ಮನೆ, ಜಾಗ ಕೊಂಡ ಸದಸ್ಯರು ಓಣಿ, ಅಳತೆ, ಕಟ್ಟಡದ ವಯಸ್ಸು, ಕೊಟ್ಟ ನಿಜವಾದ ಬೆಲೆ ಇಷ್ಟನ್ನು ಬರೆಸಲಿ. ಹೆಸರು ಬೇಡ. ಮನೆ ಕೊಳ್ಳಲು ಹೊರಟ ಸದಸ್ಯ ಅದನ್ನು ತೆರೆದು ನೋಡಲಿ. ಸಾಲದ ಅರ್ಜಿಯ ಜೊತೆ ಐದು ಮಾತಿನ ಲೆಕ್ಕದ ಹಾಳೆಯನ್ನೂ ಲಗತ್ತಿಸುವ ರೂಢಿ ಹಾಕೋಣ. ಇದಕ್ಕೆ ಖರ್ಚು ಒಂದು ನೋಟಬುಕ್ಕಿನದು. ಹಿರಿಯರು ಕಟ್ಟೆಯ ಮೇಲೆ ಕುಳಿತು ಬೆಲೆ ಕಟ್ಟುತ್ತಿದ್ದ ಕೆಲಸವನ್ನು ಆ ವಹಿ ಮಾಡುತ್ತದೆ.



ಜೈ ಸಹಕಾರ.